ಪ್ರೊಸೆಸರ್ ಅತಿಯಾಗಿ ಬಿಸಿಯಾಗುತ್ತಿದೆಯೇ? ಬಿಸಿ ಏರುವ ವೇಗವನ್ನು ಮೊದಲು ಗಮನಿಸಿ

ಪ್ರಶ್ನೆ: ನನ್ನ ಡೆಸ್ಕ್‌ಟಾಪ್ ಕೊಂಡು ನಾಲ್ಕು ವರ್ಷ ದಾಟಿದೆ. ಪ್ರೊಸೆಸರ್ ಇಂಟೆಲ್ ಕೋರ್ ಐ7-10700. ಅದರ ಪೆಟ್ಟಿಗೆಯಲ್ಲೇ ಬಂದಿದ್ದ ಫ್ಯಾನನ್ನು ಬಳಸುತ್ತಿದ್ದೇನೆ. ಕೆಲವು ತಿಂಗಳಿಂದ ವಿಡಿಯೊ ಎಕ್ಸ್‌ಪೋರ್ಟ್‌ಗೆ ಕೊಟ್ಟು ಹದಿನೈದು ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಫ್ಯಾನ್ ಜೋರಾಗಿ ಕೂಗತೊಡಗಿ ಕೆಲಸ ನಿಧಾನವಾಗುತ್ತಿತ್ತು. ಪ್ರೊಸೆಸರಿನ ಶಾಖವನ್ನು ಫ್ಯಾನಿನ ಅಡಿಯ ಲೋಹಕ್ಕೆ ದಾಟಿಸಲು ನಡುವೆ ಹಚ್ಚುವ ಪೇಸ್ಟ್ ಒಣಗಿರಬೇಕೆಂದು ಸ್ನೇಹಿತರೊಬ್ಬರು ಹೇಳಿದ್ದರಿಂದ ನಾನೇ ಬಿಚ್ಚಿ ಹೊಸ ಪೇಸ್ಟ್ ಹಚ್ಚಿದೆ. ಈಗ ಸ್ಥಿತಿ ಇನ್ನೂ ಕೆಟ್ಟಿದೆ. ಎಕ್ಸ್‌ಪೋರ್ಟ್ ಶುರುವಾದ ಕೆಲವೇ ಕ್ಷಣಗಳಲ್ಲಿ ತಾಪಮಾನ 100 ಡಿಗ್ರಿ ಮುಟ್ಟುತ್ತದೆ. ಎರಡು ಸಲ ಕಂಪ್ಯೂಟರ್ ತಾನಾಗಿ ಆಫ್ ಆಯಿತು. ರಿಪೇರಿಯವರು ಪ್ರೊಸೆಸರ್ ಕೆಟ್ಟಿದೆ, ಬದಲಿಸಿ ಎನ್ನುತ್ತಾರೆ. ಇದು ನಿಜವೇ? ಮತ್ತೆ ಹೀಗಾಗದಂತೆ ಏನು ಮಾಡಬೇಕು?

ಉತ್ತರ: ದಯವಿಟ್ಟು ಈಗಲೇ ಹೊಸ ಪ್ರೊಸೆಸರ್ ಕೊಳ್ಳಬೇಡಿ. ನೀವು ಬರೆದಿರುವ ಕೆಲವೇ ಸಾಲುಗಳಲ್ಲಿ ಕಾರಣ ಬಹುಮಟ್ಟಿಗೆ ಅಡಗಿದೆ. ಮೊದಲು ಹದಿನೈದು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿದ್ದ ಬಿಸಿ, ಪೇಸ್ಟ್ ಬದಲಿಸಿದ ಮೇಲೆ ಕ್ಷಣಗಳಲ್ಲಿ ಏರುತ್ತಿದೆ ಎಂದಿದ್ದೀರಿ. ಇವು ಒಂದೇ ಕಾಯಿಲೆಯ ಎರಡು ಹಂತಗಳಲ್ಲ, ಎರಡು ಬೇರೆ ಬೇರೆ ಕಾಯಿಲೆಗಳು. ಮೊದಲನೆಯದು ಗಾಳಿಯ ಓಡಾಟಕ್ಕೆ ಸಂಬಂಧಿಸಿದ್ದು, ಅದು ಈಗಲೂ ಹಾಗೆಯೇ ಉಳಿದಿರಬೇಕು. ಎರಡನೆಯದು ಹೀಟ್‌ಸಿಂಕ್, ಅಂದರೆ ಫ್ಯಾನಿನ ಅಡಿಯಲ್ಲಿರುವ ರೆಕ್ಕೆಗಳುಳ್ಳ ಲೋಹದ ತುಂಡು, ಸರಿಯಾಗಿ ಕೂರದೆ ಹೊಸದಾಗಿ ಹುಟ್ಟಿಕೊಂಡದ್ದು. ಈ ಎರಡನ್ನೂ ಬಿಟ್ಟು ಪ್ರೊಸೆಸರನ್ನೇ ಬದಲಿಸುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಹೊಸ ಪ್ರೊಸೆಸರನ್ನು ಇದೇ ಫ್ಯಾನಿನ ಕೆಳಗೆ ಹೀಗೆಯೇ ಕೂರಿಸಿದರೆ ಅದೂ 100 ಡಿಗ್ರಿಗೇ ಹೋಗುತ್ತದೆ.

ಏರುವ ವೇಗಕ್ಕೆ ಇಷ್ಟು ಮಹತ್ವ ಏಕೆ ಕೊಡುತ್ತೇನೆಂದು ವಿವರಿಸುತ್ತೇನೆ. ಪ್ರೊಸೆಸರಿನೊಳಗಿನ ಸಿಲಿಕಾನ್ ಬಿಲ್ಲೆಯ ವಿಸ್ತೀರ್ಣ ಸುಮಾರು ಎರಡು ಚದರ ಸೆಂಟಿಮೀಟರ್, ಅಂದರೆ ಉಗುರಿನಷ್ಟು. ಅಷ್ಟರಿಂದ 150 ವ್ಯಾಟ್ ಶಾಖ ಹೊರಟಿತೆಂದರೆ ಪ್ರತಿ ಚದರ ಸೆಂಟಿಮೀಟರಿಗೆ 75 ವ್ಯಾಟ್ ಆಯಿತು. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಯ ತಳದಲ್ಲಿ ಅದೇ ಲೆಕ್ಕ ಹಾಕಿದರೆ ಪ್ರತಿ ಚದರ ಸೆಂಟಿಮೀಟರಿಗೆ ಐದಾರು ವ್ಯಾಟ್ ಬರುತ್ತದೆ. ಈ ಶಾಖ ಬಿಲ್ಲೆಯಿಂದ ಅದರ ಮೇಲಿನ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಪೇಸ್ಟಿನ ಮೂಲಕ ಹೀಟ್‌ಸಿಂಕಿಗೆ, ಅದರ ರೆಕ್ಕೆಗಳಿಂದ ಗಾಳಿಗೆ, ಕ್ಯಾಬಿನೆಟ್ಟಿನಿಂದ ಕೋಣೆಗೆ ಸಾಗಬೇಕು. ದಾರಿಯ ಮೊದಲ ಭಾಗದಲ್ಲಿರುವ ಬಿಲ್ಲೆ ಮತ್ತು ಮುಚ್ಚಳ ಚಿಕ್ಕವು. ಅವು ಶಾಖವನ್ನು ತಮ್ಮಲ್ಲಿ ಹಿಡಿದಿಟ್ಟುಕೊಳ್ಳಲಾರವು. ಆದ್ದರಿಂದ ಪೇಸ್ಟಿನ ಬಳಿ ದಾರಿ ಕಟ್ಟಿದರೆ ತಾಪಮಾನ ಒಂದೆರಡು ಸೆಕೆಂಡಿನಲ್ಲೇ ನೆಗೆಯುತ್ತದೆ. ಹೀಟ್‌ಸಿಂಕ್ ಹಾಗಲ್ಲ, ಅದು ನೂರಾರು ಗ್ರಾಂ ಲೋಹ. ಅದು ಕಾಯಲು, ಅದರ ಸುತ್ತಲಿನ ಕ್ಯಾಬಿನೆಟ್ಟಿನ ಗಾಳಿ ಕಾಯಲು ನಿಮಿಷಗಳು ಬೇಕು. ಆದ್ದರಿಂದ ತಾಪಮಾನ ಥಟ್ಟನೆ ನೆಗೆದರೆ ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವಿನ ಜೋಡಣೆಯನ್ನು ಸಂಶಯಿಸಬೇಕು. ಅದು ನಿಧಾನವಾಗಿ ಏರಿ ಕೊನೆಗೆ ಮಿತಿ ಮುಟ್ಟಿದರೆ ಧೂಳು, ಫ್ಯಾನ್, ಗಾಳಿಯ ದಾರಿ ಮತ್ತು ಕೋಣೆಯ ಸೆಖೆಯನ್ನು ಸಂಶಯಿಸಬೇಕು. ಏನೂ ಕೆಲಸವಿಲ್ಲದೆ ಸುಮ್ಮನಿದ್ದಾಗಲೂ ಬಿಸಿಯಿದ್ದರೆ ಹಿನ್ನೆಲೆಯಲ್ಲಿ ಓಡುತ್ತಿರುವ ಯಾವುದೋ ತಂತ್ರಾಂಶವನ್ನೂ ಗಮನಿಸಬೇಕು.

ಇದನ್ನು ಕಣ್ಣಾರೆ ನೋಡಲು ಎಚ್‌ಡಬ್ಲ್ಯುಇನ್ಫೊ ಅಥವಾ ಕೋರ್ ಟೆಂಪ್ ಎಂಬ ಉಚಿತ ತಂತ್ರಾಂಶ ಸಾಕು. ಲಿನಕ್ಸ್ ಬಳಸುವವರಿಗೆ ಎಲ್‌ಎಂ-ಸೆನ್ಸರ್ಸ್ ಇದೆ. ಕಂಪ್ಯೂಟರ್ ಹತ್ತು ನಿಮಿಷ ಸುಮ್ಮನಿರಲಿ. ಆಗಿನ ತಾಪಮಾನ ಬರೆದುಕೊಳ್ಳಿ. ಸಾಮಾನ್ಯವಾಗಿ ಅದು 35ರಿಂದ 50 ಡಿಗ್ರಿಯೊಳಗೆ ಇರುತ್ತದೆ. ಬಳಿಕ ಪ್ರೊಸೆಸರಿಗೆ ಪೂರ್ಣ ಹೊರೆ ಕೊಡುವ ಸಿನೆಬೆಂಚ್‌ನಂಥ ಪರೀಕ್ಷೆಯನ್ನೋ ನಿಮ್ಮ ವಿಡಿಯೊ ಎಕ್ಸ್‌ಪೋರ್ಟನ್ನೋ ಶುರುಮಾಡಿ, ಮೊದಲ ಐದು ಸೆಕೆಂಡು, ಒಂದು ನಿಮಿಷ, ಹತ್ತು ನಿಮಿಷ ಕಳೆದಾಗ ಎಷ್ಟಿದೆ ಎಂದು ಗುರುತು ಹಾಕಿಕೊಳ್ಳಿ. ಎಷ್ಟು ವ್ಯಾಟ್ ಬಳಕೆಯಾಗುತ್ತಿದೆ ಎಂಬುದನ್ನೂ ಎಚ್‌ಡಬ್ಲ್ಯುಇನ್ಫೊ ತೋರಿಸುತ್ತದೆ. ಅದನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಐದನೆಯ ಸೆಕೆಂಡಿಗೇ ತಾಪಮಾನ 90 ದಾಟುತ್ತದೆ ಎಂದು ನನ್ನ ಊಹೆ. ಆದರೆ ಈಗಿನ ಸ್ಥಿತಿಯಲ್ಲಿ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ಹತ್ತು ನಿಮಿಷ ಓಡಿಸುವ ಅಗತ್ಯವಿಲ್ಲ.

100 ಡಿಗ್ರಿ ಮುಟ್ಟಿದ ಪ್ರೊಸೆಸರ್ ಸುಟ್ಟುಹೋಗಿರುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ನಿಮ್ಮ ಪ್ರೊಸೆಸರಿಗೆ ತಯಾರಕರು ನಿಗದಿಮಾಡಿರುವ ಗರಿಷ್ಠ ಮಿತಿಯೇ 100 ಡಿಗ್ರಿ ಸೆಲ್ಸಿಯಸ್. ಅಲ್ಲಿಗೆ ಬಂದೊಡನೆ ಅದು ತನ್ನ ವೇಗವನ್ನೂ ವೋಲ್ಟೇಜನ್ನೂ ತಾನೇ ಇಳಿಸಿಕೊಳ್ಳುತ್ತದೆ. ನಿಮ್ಮ ಎಕ್ಸ್‌ಪೋರ್ಟ್ ನಿಧಾನವಾದದ್ದು ಇದರಿಂದಲೇ. ಇಳಿಸಿಕೊಂಡರೂ ಬಿಸಿ ಮೀರಿದಾಗ ಇಡೀ ಕಂಪ್ಯೂಟರನ್ನು ಆಫ್ ಮಾಡಿಸುತ್ತದೆ. ಇದು ಕೆಟ್ಟ ಪ್ರೊಸೆಸರಿನ ಲಕ್ಷಣವಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿರುವ ಪ್ರೊಸೆಸರಿನ ಲಕ್ಷಣ. ಇಂಟೆಲ್‌ನಂತೆಯೇ ಪ್ರೊಸೆಸರ್ ತಯಾರಿಸುವ ಎಎಂಡಿ ಕಂಪನಿಯ, 2022ರಲ್ಲಿ ಬಂದ ರೈಜನ್ 7000 ಸರಣಿಯ ದೊಡ್ಡ ಪ್ರೊಸೆಸರುಗಳು ಪೂರ್ಣ ಹೊರೆಯಲ್ಲಿ 95 ಡಿಗ್ರಿಯ ಆಸುಪಾಸಿನಲ್ಲೇ ಓಡುವಂತೆ ರೂಪಿತವಾಗಿವೆ. ಅಂಥ ಪ್ರೊಸೆಸರಿನಲ್ಲಿ 95 ಕಂಡರೆ ಗಾಬರಿಯಾಗಬೇಕಿಲ್ಲ. ಹಾಗೆಂದು ಸದಾ ಮಿತಿಯಲ್ಲೇ ಓಡಲಿ ಎಂದು ನಾನು ಹೇಳುತ್ತಿಲ್ಲ. ನಿಮ್ಮಂಥ ಪ್ರೊಸೆಸರಿನಲ್ಲಿ ದೀರ್ಘ ಹೊರೆಯಿದ್ದಾಗ 80ರ ಆಸುಪಾಸಿನಲ್ಲಿ ನಿಂತರೆ ಅದು ನೆಮ್ಮದಿಯ ಸ್ಥಿತಿ.

ಈಗ ಹೀಟ್‌ಸಿಂಕನ್ನು ಮತ್ತೊಮ್ಮೆ ಬಿಚ್ಚಬೇಕು. ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಬರಿದುಮಾಡಿ, ಒಳಗೆ ಕೈಹಾಕುವ ಮುನ್ನ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ಮೈಯಲ್ಲಿರುವ ಸ್ಥಾಯೀ ವಿದ್ಯುತ್ತು ಅಲ್ಲಿಗೆ ಹರಿದುಹೋಗುತ್ತದೆ. ನಿಮ್ಮ ಹೀಟ್‌ಸಿಂಕಿನ ನಾಲ್ಕು ಮೂಲೆಗಳಲ್ಲಿ ಪ್ಲಾಸ್ಟಿಕ್ಕಿನ ಒತ್ತುಮೊಳೆಗಳಿವೆ. ಒಂದೊಂದರ ತಲೆಯ ಮೇಲೂ ಬಾಣದ ಗುರುತಿದೆ. ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆಳೆದರೆ ಬಿಡುತ್ತವೆ. ಬಿಚ್ಚಿದ ಕೂಡಲೇ ಒರೆಸಬೇಡಿ. ಹೀಟ್‌ಸಿಂಕಿನ ತಳದಲ್ಲೂ ಪ್ರೊಸೆಸರಿನ ಮೇಲೂ ಪೇಸ್ಟಿನ ಅಚ್ಚು ಮೂಡಿರುತ್ತದೆ. ಅದನ್ನು ಬೆಳಕಿಗೆ ಹಿಡಿದು ನೋಡಿ. ಒತ್ತಡ ಸಮನಾಗಿದ್ದರೆ ಅಚ್ಚು ಎಲ್ಲ ಕಡೆ ತೆಳ್ಳಗೆ, ಅಡಿಯ ಲೋಹ ಮಸುಕಾಗಿ ಕಾಣುವಂತಿರುತ್ತದೆ. ಒಂದು ಮೂಲೆಯಲ್ಲಿ ತೆಳ್ಳಗಿದ್ದು ಅದರ ಎದುರು ಮೂಲೆಯಲ್ಲಿ ದಪ್ಪಗೆ, ಹಚ್ಚಿದ್ದು ಹಚ್ಚಿದಂತೆಯೇ ಉಳಿದಿದ್ದರೆ ಆ ಮೂಲೆಯ ಮೊಳೆ ಕೂತಿಲ್ಲವೆಂದೇ ಅರ್ಥ. ಪೇಸ್ಟ್ ಬದಲಿಸಿದ ಮೇಲೆ ಬಿಸಿ ಹೆಚ್ಚಾಯಿತೆಂದು ತಂದ ಕಂಪ್ಯೂಟರುಗಳಲ್ಲಿ ನಾನು ಅತಿ ಹೆಚ್ಚು ಕಂಡ ದೋಷ ಇದೇ. ಮೇಲಿನಿಂದ ನೋಡಿದರೆ ನಾಲ್ಕೂ ಮೊಳೆಗಳು ಒಂದೇ ಮಟ್ಟದಲ್ಲಿ ಇರುವಂತೆ ತೋರುತ್ತವೆ. ಮದರ್‌ಬೋರ್ಡಿನ, ಅಂದರೆ ಪ್ರೊಸೆಸರ್ ಕೂತಿರುವ ಮುಖ್ಯ ಫಲಕದ, ಹಿಂಬದಿಯಿಂದ ನೋಡಿದಾಗ ಮಾತ್ರ ಒಂದು ಮೊಳೆ ತೂತಿನ ಅಂಚಿಗೆ ತಗುಲಿ ಅರ್ಧದಲ್ಲೇ ನಿಂತಿರುವುದು ಕಾಣುತ್ತದೆ. ಹೊಸ ಹೀಟ್‌ಸಿಂಕ್ ಹಾಕಿದವರು ಇನ್ನೊಂದನ್ನೂ ನೋಡಬೇಕು: ತಳಕ್ಕೆ ಅಂಟಿಸಿ ಕಳುಹಿಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆಯೇ ಕೂರಿಸಿದವರು ಕಡಿಮೆಯಿಲ್ಲ.

ನೋಡಿದ ಮೇಲೆ ಹಳೆಯ ಪೇಸ್ಟನ್ನು ಪೂರ್ತಿ ತೆಗೆಯಿರಿ. ಶೇ. 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೊಹಾಲನ್ನು ನಾರು ಬಿಡದ ಬಟ್ಟೆಗೆ ಹಚ್ಚಿಕೊಂಡು ಎರಡೂ ಮೈಗಳನ್ನು ಹೊಳಪು ಬರುವವರೆಗೆ ಒರೆಸಿ, ಆರಲು ಬಿಡಿ. ಹಳೆಯದರ ಮೇಲೆ ಹೊಸದನ್ನು ಎಂದೂ ಹಚ್ಚಬಾರದು. ಎಷ್ಟು ಹಚ್ಚಬೇಕೆಂಬುದಕ್ಕೆ ಪೇಸ್ಟಿನ ಕೆಲಸವೇನೆಂದು ತಿಳಿದರೆ ಸಾಕು. ನುಣುಪಾಗಿ ಕಾಣುವ ಎರಡು ಲೋಹದ ಮೈಗಳ ನಡುವೆಯೂ ಕಣ್ಣಿಗೆ ಕಾಣದ ಕುಳಿಗಳಿದ್ದು ಅವುಗಳಲ್ಲಿ ಗಾಳಿ ತುಂಬಿರುತ್ತದೆ. ಗಾಳಿಯ ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ 0.026 ವ್ಯಾಟ್ ಮಾತ್ರ. ಒಳ್ಳೆಯ ಪೇಸ್ಟುಗಳದು ಸಾಮಾನ್ಯವಾಗಿ 4ರಿಂದ 12ರ ನಡುವೆ. ತಾಮ್ರದ್ದು ಸುಮಾರು 400. ಹೀಗಾಗಿ ಪೇಸ್ಟ್ ಗಾಳಿಗಿಂತ ನೂರಾರು ಪಟ್ಟು ಮೇಲು, ಆದರೆ ಲೋಹದ ಮುಂದೆ ಅದೇ ಒಂದು ಅಡ್ಡಿ. ಗಾಳಿಯನ್ನು ಹೊರದೂಡುವಷ್ಟು ಇರಬೇಕು, ಲೋಹಗಳನ್ನು ದೂರ ಮಾಡುವಷ್ಟು ಇರಬಾರದು. ಪ್ರೊಸೆಸರಿನ ನಡುವೆ ಬಟಾಣಿಗಿಂತ ತುಸು ಚಿಕ್ಕ ಒಂದು ಬೊಟ್ಟು ಇಟ್ಟರೆ ಹೀಟ್‌ಸಿಂಕಿನ ಒತ್ತಡವೇ ಅದನ್ನು ಹರಡುತ್ತದೆ. ದ್ರವಲೋಹದ ಪೇಸ್ಟನ್ನು ಮಾತ್ರ ಯಾರ ಮಾತು ಕೇಳಿಯೂ ಹಚ್ಚಬೇಡಿ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿಂದು ಪುಡಿಮಾಡುತ್ತದೆ, ಅದು ವಿದ್ಯುತ್ವಾಹಕವೂ ಆದ್ದರಿಂದ ಒಂದು ಹನಿ ಬೋರ್ಡಿನ ಮೇಲೆ ಬಿದ್ದರೂ ಬೋರ್ಡು ಹಾಳಾಗಬಹುದು.

ಕೂರಿಸುವ ಮುನ್ನ ನಾಲ್ಕೂ ಮೊಳೆಗಳ ತಲೆಯನ್ನು ಬಾಣದ ವಿರುದ್ಧ ದಿಕ್ಕಿಗೆ ತಿರುಗಿಸಿ ಮೊದಲಿನ ಸ್ಥಾನಕ್ಕೆ ತನ್ನಿ. ಇದನ್ನು ಮರೆತರೆ ಮೊಳೆಗಳು ಎಷ್ಟು ಒತ್ತಿದರೂ ಕಚ್ಚಿಕೊಳ್ಳುವುದಿಲ್ಲ. ಆಮೇಲೆ ಎದುರುಬದುರು ಮೂಲೆಗಳ ಎರಡು ಮೊಳೆಗಳನ್ನು ಒಟ್ಟಿಗೆ ಒತ್ತಿ, ಬಳಿಕ ಉಳಿದೆರಡನ್ನು ಒತ್ತಿ. ಪ್ರತಿಯೊಂದೂ ‘ಟಕ್’ ಎಂದು ಸದ್ದು ಮಾಡಬೇಕು. ಸದ್ದನ್ನೇ ನಂಬಿ ಕೂರದೆ, ಮದರ್‌ಬೋರ್ಡಿನ ಹಿಂಬದಿಯನ್ನು ಟಾರ್ಚ್ ಹಾಕಿ ನೋಡಿ. ಪ್ರತಿ ತೂತಿನಲ್ಲೂ ಸೀಳಿದ ಪ್ಲಾಸ್ಟಿಕ್ಕಿನ ಎರಡು ಎಸಳುಗಳು ಹೊರಬಂದು, ನಡುವಿನ ಮೊಳೆ ಅವನ್ನು ಅಗಲಿಸಿ ನಿಂತಿರಬೇಕು. ಎಸಳು ಮುರಿದಿದ್ದರೆ ಹೀಟ್‌ಸಿಂಕನ್ನೇ ಬದಲಿಸಬೇಕು, ಅಂಟು ಹಾಕಿ ನಿಲ್ಲಿಸುವ ಪ್ರಯತ್ನ ಬೇಡ. ಕೊನೆಗೆ ಫ್ಯಾನಿನ ತಂತಿಯನ್ನು ಬೋರ್ಡಿನಲ್ಲಿ ಸಿಪಿಯು ಫ್ಯಾನ್ ಎಂದು ಬರೆದಿರುವ ಜಾಗಕ್ಕೇ ಸಿಕ್ಕಿಸಿ.

ಎಎಂಡಿಯ ಎಎಂ4 ಸಾಕೆಟ್ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಗೂಡು) ಇರುವ ಓದುಗರಿಗೆ ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಆ ಸಾಕೆಟ್ಟಿನಲ್ಲಿ ಸೂಜಿಗಾಲುಗಳು ಪ್ರೊಸೆಸರಿನಲ್ಲೇ ಇರುತ್ತವೆ. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿದ್ದಾಗ ಹೀಟ್‌ಸಿಂಕನ್ನು ನೇರವಾಗಿ ಮೇಲಕ್ಕೆಳೆದರೆ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಬಂದು ಕಾಲುಗಳು ಬಾಗುತ್ತವೆ. ಬಿಚ್ಚುವ ಮುನ್ನ ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಡಿ. ಆಫ್ ಮಾಡಿದ ಮೇಲೆ ಹೀಟ್‌ಸಿಂಕನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಹೊರಳಿಸಿ, ಸಡಿಲವಾದ ಮೇಲೆ ಎತ್ತಿ.

ಜೋಡಣೆ ಸರಿಯಾದರೆ ಕ್ಷಣಗಳಲ್ಲಿ 100 ಮುಟ್ಟುವುದು ನಿಲ್ಲುತ್ತದೆ. ಆದರೆ ಅಲ್ಲಿಗೆ ನೀವು ಹಳೆಯ ಸ್ಥಿತಿಗೆ ಮರಳಿದಿರಿ ಅಷ್ಟೆ. ಇಪ್ಪತ್ತು ನಿಮಿಷದ ಆ ಮೊದಲ ಕಾಯಿಲೆ ಇನ್ನೂ ಅಲ್ಲೇ ಇದೆ. ನಾಲ್ಕು ವರ್ಷದ ಕಂಪ್ಯೂಟರಿನಲ್ಲಿ ಅದಕ್ಕೆ ಮುಖ್ಯ ಕಾರಣ ಧೂಳು. ಫ್ಯಾನಿನ ಎಲೆಗಳ ಮೇಲೆ ಕಾಣುವ ಧೂಳಿನದು ಅಷ್ಟು ತೊಂದರೆಯಿಲ್ಲ. ಫ್ಯಾನನ್ನು ಹೀಟ್‌ಸಿಂಕಿನಿಂದ ಬೇರ್ಪಡಿಸಿ ನೋಡಿದರೆ ಅದರ ಅಡಿಯಲ್ಲಿ, ರೆಕ್ಕೆಗಳ ಬಾಯಿಗೆ ಸರಿಯಾಗಿ, ಬೂದುಬಣ್ಣದ ಕಂಬಳಿಯ ತುಂಡಿನಂತೆ ಹೆಣೆದುಕೊಂಡ ಒಂದು ಪದರ ಇರುತ್ತದೆ. ಬೆರಳಲ್ಲಿ ಹಿಡಿದರೆ ಇಡಿಯಾಗಿ ಎದ್ದುಬರುತ್ತದೆ. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಗಾಳಿ ಅದನ್ನು ದಾಟಿ ಒಳಹೋಗುವುದಿಲ್ಲ, ಸದ್ದು ಮಾತ್ರ ಹೆಚ್ಚುತ್ತದೆ. ನೀವು ಹೇಳಿದ ಕೂಗು ಇದೇ ಇರಬಹುದು. ಕಂಪ್ಯೂಟರನ್ನು ಬಯಲಿಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒತ್ತಡದ ಗಾಳಿಯ ಡಬ್ಬಿಯಿಂದಲೋ ಬ್ಲೋವರಿನಿಂದಲೋ ಊದಿ. ಊದುವಾಗ ಪ್ರತಿ ಫ್ಯಾನಿನ ಎಲೆಯನ್ನೂ ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಫ್ಯಾನ್ ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಮೂತಿಯನ್ನು ಬೋರ್ಡಿನ ಹತ್ತಿರ ಒಯ್ಯಬೇಡಿ, ಅದರಲ್ಲಿ ಸ್ಥಾಯೀ ವಿದ್ಯುತ್ತು ಕೂಡಿಕೊಳ್ಳುತ್ತದೆ.

ಕ್ಯಾಬಿನೆಟ್ಟಿನ ಗಾಳಿಯ ದಾರಿಯನ್ನು ಪರೀಕ್ಷಿಸಲು ಸುಲಭವಾದ ಉಪಾಯವಿದೆ. ಪಕ್ಕದ ಮುಚ್ಚಳ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಒಂದೇ ಎಕ್ಸ್‌ಪೋರ್ಟನ್ನು ಓಡಿಸಿ. ಮುಚ್ಚಳ ತೆಗೆದಾಗ ತಾಪಮಾನ ಎರಡು ಮೂರು ಡಿಗ್ರಿ ಮಾತ್ರ ಇಳಿದರೆ ಗಾಳಿಯ ಓಡಾಟ ಸರಿಯಿದೆ. ಹತ್ತು ಡಿಗ್ರಿಯಷ್ಟು ಇಳಿದರೆ ಬಿಸಿಗಾಳಿ ಒಳಗೇ ಸುತ್ತುತ್ತಿದೆ ಎಂದಾಯಿತು. ಆಗ ಮುಂಭಾಗದಿಂದ ತಣ್ಣನೆಯ ಗಾಳಿ ಒಳಬರುವಂತೆಯೂ ಹಿಂಭಾಗದಿಂದ ಬಿಸಿಗಾಳಿ ಹೊರಹೋಗುವಂತೆಯೂ ಫ್ಯಾನುಗಳಿವೆಯೇ ಎಂದು ನೋಡಿ. ಎಲ್ಲವೂ ಹೊರಕ್ಕೇ ಊದುತ್ತಿದ್ದರೆ ಸಂದುಗಳಿಂದೆಲ್ಲ ಧೂಳು ಒಳಗೆ ನುಗ್ಗುತ್ತದೆ. ಮುಚ್ಚಳವನ್ನು ಶಾಶ್ವತವಾಗಿ ತೆಗೆದಿಡುವುದನ್ನು ನಾನು ಒಪ್ಪುವುದಿಲ್ಲ. ಇಂದು ತಂಪಾದರೂ ಧೂಳಿನ ಕಂಬಳಿ ಇನ್ನೂ ಬೇಗ ಹೆಣೆದುಕೊಳ್ಳುತ್ತದೆ.

ಇಷ್ಟಾದ ಮೇಲೂ ದೀರ್ಘ ಎಕ್ಸ್‌ಪೋರ್ಟುಗಳಲ್ಲಿ ತಾಪಮಾನ 90 ದಾಟಬಹುದು. ಅದಕ್ಕೆ ಕಾರಣ ನಿಮ್ಮ ಪ್ರೊಸೆಸರ್ ಮತ್ತು ಮದರ್‌ಬೋರ್ಡಿನ ಹೊಂದಾಣಿಕೆಯಲ್ಲಿದೆ. ಐ7-10700ರ ಮೇಲೆ ನಮೂದಾಗಿರುವ ಅಂಕಿ 65 ವ್ಯಾಟ್. ಪೆಟ್ಟಿಗೆಯ ಫ್ಯಾನ್ ಹೆಚ್ಚುಕಡಿಮೆ ಆ ಲೆಕ್ಕಕ್ಕೇ ಮಾಡಿದ್ದು. ಆದರೆ ಟರ್ಬೊ ವೇಗದಲ್ಲಿ, ಅಂದರೆ ಹೊರೆ ಬಿದ್ದಾಗ ತಾನಾಗಿ ಏರಿಸಿಕೊಳ್ಳುವ ಹೆಚ್ಚಿನ ವೇಗದಲ್ಲಿ, ಇದೇ ಪ್ರೊಸೆಸರಿಗೆ ಅಲ್ಪಕಾಲ 224 ವ್ಯಾಟ್‌ವರೆಗೆ ಬಳಸಲು ಅನುಮತಿಯಿದೆ. ಸುಮಾರು ಅರ್ಧ ನಿಮಿಷದ ನಂತರ 65ಕ್ಕೆ ಇಳಿಯಬೇಕೆಂಬುದು ಮೂಲ ನಿಯಮ. ಅನೇಕ ಮದರ್‌ಬೋರ್ಡುಗಳು ಹೆಚ್ಚಿನ ವೇಗ ತೋರಿಸುವ ಉದ್ದೇಶದಿಂದ ಈ ಕಾಲಮಿತಿಯನ್ನು ಸಡಿಲಿಸಿಬಿಡುತ್ತವೆ. ಆಗ 65 ವ್ಯಾಟ್ ಲೆಕ್ಕದ ಫ್ಯಾನ್ ಅದರ ಎರಡು ಪಟ್ಟು ಶಾಖವನ್ನು ಗಂಟೆಗಟ್ಟಲೆ ಹೊರಹಾಕಬೇಕಾಗುತ್ತದೆ, ಅದರಿಂದ ಅದು ಸಾಧ್ಯವಿಲ್ಲ. ನೀವು ಬರೆದಿಟ್ಟುಕೊಂಡ ವ್ಯಾಟಿನ ಅಂಕಿ ಈಗ ಉಪಯೋಗಕ್ಕೆ ಬರುತ್ತದೆ. ಎಕ್ಸ್‌ಪೋರ್ಟ್ ಶುರುವಾಗಿ ಐದು ನಿಮಿಷವಾದ ಮೇಲೂ ಅದು 65ಕ್ಕಿಂತ ಬಹಳ ಮೇಲಿದ್ದರೆ ಬಯಾಸಿಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ ಪವರ್ ಲಿಮಿಟ್ ಎಂಬಲ್ಲಿ ದೀರ್ಘಕಾಲದ ಮಿತಿಯನ್ನು 65ಕ್ಕೆ, ಬೇಕಿದ್ದರೆ ಸ್ವಲ್ಪ ಮೇಲಕ್ಕೆ ನಿಗದಿಪಡಿಸಿ. ಪ್ರೊಸೆಸರಿನ ವಿದ್ಯುತ್ ಬಳಕೆ ಬಹುಮಟ್ಟಿಗೆ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿರುತ್ತದೆ. ಅಂದರೆ ವೋಲ್ಟೇಜ್ ಶೇ. 10ರಷ್ಟು ಇಳಿದರೆ ಬಳಕೆ ಸುಮಾರು ಶೇ. 19ರಷ್ಟು ಇಳಿಯುತ್ತದೆ. ಟರ್ಬೊದ ಕೊನೆಯ ಮೆಟ್ಟಿಲುಗಳಲ್ಲಿ ತುಸುವೇ ವೇಗಕ್ಕಾಗಿ ಬಹಳ ವೋಲ್ಟೇಜ್ ಖರ್ಚಾಗುವುದರಿಂದ, ಮಿತಿ ಹಾಕಿದಾಗ ಶಾಖ ಇಳಿಯುವಷ್ಟು ಪ್ರಮಾಣದಲ್ಲಿ ವೇಗ ಇಳಿಯುವುದಿಲ್ಲ. ಪೂರ್ಣ ವೇಗವೇ ಬೇಕೆಂದರೆ ಶಾಖಕೊಳವೆಗಳಿರುವ, 120 ಮಿಲಿಮೀಟರ್ ಫ್ಯಾನಿನ ಗೋಪುರದಂಥ ಹೀಟ್‌ಸಿಂಕ್ ಹಾಕಿಸಿ. ವಿಡಿಯೊ ಕೆಲಸವೇ ನಿಮ್ಮ ದಿನನಿತ್ಯದ ಕೆಲಸವಾಗಿದ್ದರೆ ನಾನು ಸೂಚಿಸುವುದು ಇದನ್ನೇ. ಹೊಸ ಪ್ರೊಸೆಸರಿಗೆ ಹಾಕುವ ಹಣದ ಸಣ್ಣ ಪಾಲಿನಲ್ಲಿ ಇದು ಮುಗಿಯುತ್ತದೆ. ಕೊಳ್ಳುವ ಮುನ್ನ ಅದರ ಎತ್ತರ ನಿಮ್ಮ ಕ್ಯಾಬಿನೆಟ್ಟಿಗೆ ಹೊಂದುತ್ತದೆಯೇ ಎಂದು ಅಳೆದು ನೋಡಿ.

ಸುಮ್ಮನಿದ್ದಾಗಲೂ ಪ್ರೊಸೆಸರ್ ಬಳಕೆ ಹೆಚ್ಚಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಯಾವ ತಂತ್ರಾಂಶ ದುಡಿಯುತ್ತಿದೆ ನೋಡಿ. ಕ್ರಿಪ್ಟೊ ನಾಣ್ಯ ಗಣಿಗಾರಿಕೆಯ ಕೆಲವು ಕುತಂತ್ರಾಂಶಗಳು ಟಾಸ್ಕ್ ಮ್ಯಾನೇಜರ್ ತೆರೆದೊಡನೆ ಸುಮ್ಮನಾಗಿಬಿಡುತ್ತವೆ. ತೆರೆದಾಗ ಫ್ಯಾನ್ ಶಾಂತವಾಗಿ, ಮುಚ್ಚಿದಾಗ ಮತ್ತೆ ಕೂಗುತ್ತಿದ್ದರೆ ಪೂರ್ಣ ವೈರಸ್ ತಪಾಸಣೆ ಮಾಡಿಸಿ. ಕಂಪ್ಯೂಟರ್ ತಾನಾಗಿ ಆಫ್ ಆಗುವುದರ ಬಗ್ಗೆಯೂ ಒಂದು ಮಾತು: ಬಿಸಿ 70ರ ಆಸುಪಾಸಿನಲ್ಲೇ ಇದ್ದಾಗಲೂ ಅದು ಮುಂದುವರಿದರೆ ಅದು ಪ್ರೊಸೆಸರಿನ ಬಿಸಿಯ ಸಮಸ್ಯೆಯಲ್ಲ, ಪವರ್ ಸಪ್ಲೈಯನ್ನು ಪರೀಕ್ಷಿಸಬೇಕು.

ಲ್ಯಾಪ್‌ಟಾಪಿನಲ್ಲಿಯೂ ಇದೇ ಪರೀಕ್ಷೆಗಳು ಅನ್ವಯಿಸುತ್ತವೆ. ಧೂಳಿನ ಪದರ ಅಲ್ಲಿ ಫ್ಯಾನಿನ ಗಾಳಿ ಹೊರಹೋಗುವ ಬಾಯಿಯಲ್ಲಿ, ರೆಕ್ಕೆಗಳ ಒಳಮೈಗೆ ಕೂತಿರುವುದರಿಂದ ಹೊರಗಿನಿಂದ ಕಾಣುವುದಿಲ್ಲ. ಹಾಸಿಗೆಯ ಮೇಲಿಟ್ಟು ಬಳಸಿದರೆ ಕೆಳಗಿನ ಗಾಳಿಕಿಂಡಿಗಳು ಪೂರ್ತಿ ಮುಚ್ಚಿಹೋಗುತ್ತವೆ. ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು ಶೇ. 99ಕ್ಕೆ ಇಳಿಸಿದರೆ ಟರ್ಬೊ ನಿಂತು ಹಲವು ಲ್ಯಾಪ್‌ಟಾಪುಗಳು ತಕ್ಷಣ ತಂಪಾಗುತ್ತವೆ. ತುರ್ತಿಗೆ ಇದು ಒಳ್ಳೆಯ ಉಪಾಯ. ಕೀಬೋರ್ಡ್ ಉಬ್ಬಿದಂತೆ ಕಂಡರೆ ಅಥವಾ ಟಚ್‌ಪ್ಯಾಡ್ ಒತ್ತಲು ಬಾರದೆ ಗಟ್ಟಿಯಾದರೆ ಮಾತ್ರ ಬೇರೆಲ್ಲ ಬಿಟ್ಟು ಲ್ಯಾಪ್‌ಟಾಪನ್ನು ಆಫ್ ಮಾಡಿ, ಚಾರ್ಜಿಗೆ ಹಾಕದೆ ತಿಳಿದವರ ಬಳಿ ಒಯ್ಯಿರಿ. ಶಾಖದಿಂದ ಬ್ಯಾಟರಿ ಊದಿರುವ ಸಾಧ್ಯತೆಯಿದೆ, ಅದಕ್ಕೆ ಬೆಂಕಿ ಹತ್ತಬಹುದು.

ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುವ ಬಗ್ಗೆ. ಆರು ತಿಂಗಳಿಗೊಮ್ಮೆ ಶುಚಿ ಮಾಡಿ, ವರ್ಷಕ್ಕೊಮ್ಮೆ ಪೇಸ್ಟ್ ಬದಲಿಸಿ ಎಂಬಂಥ ಗಡುವುಗಳಲ್ಲಿ ನನಗೆ ನಂಬಿಕೆಯಿಲ್ಲ. ಧೂಳು ಎಲ್ಲ ಕಡೆ ಒಂದೇ ಸಮನೆ ಕೂರುವುದಿಲ್ಲ. ಚೆನ್ನಾಗಿ ಕೂತ ಒಳ್ಳೆಯ ಪೇಸ್ಟ್ ಡೆಸ್ಕ್‌ಟಾಪಿನಲ್ಲಿ ಹಲವು ವರ್ಷ ಬಾಳುತ್ತದೆ. ಸುಮ್ಮನೆ ಬಿಚ್ಚಿದಷ್ಟೂ ನಿಮಗಾದಂತೆ ಮೊಳೆ ತಪ್ಪುವ ಅಪಾಯವೇ ಹೆಚ್ಚು. ಕ್ಯಾಬಿನೆಟ್ಟನ್ನು ನೆಲದಿಂದ ಮೇಲಕ್ಕಿಡಿ, ಹಿಂಬದಿ ಗೋಡೆಗೆ ತಾಗದಿರಲಿ, ಗಾಳಿ ಒಳಬರುವ ಕಡೆ ತೊಳೆಯಬಹುದಾದ ಜಾಲರಿ ಹಾಕಿಸಿ. ಉಳಿದದ್ದನ್ನು ಅಳತೆ ಹೇಳಲಿ. ದುರಸ್ತಿ ಮುಗಿದ ದಿನವೇ ಕೋಣೆಯ ತಾಪಮಾನ ಎಷ್ಟೆಂದು ನೋಡಿಕೊಂಡು, ಒಂದೇ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ, ಪ್ರೊಸೆಸರಿನ ತಾಪಮಾನದಿಂದ ಕೋಣೆಯದನ್ನು ಕಳೆಯಿರಿ. ಕೋಣೆ ಒಂದು ಡಿಗ್ರಿ ಬಿಸಿಯಾದರೆ ಪ್ರೊಸೆಸರೂ ಹೆಚ್ಚುಕಡಿಮೆ ಒಂದು ಡಿಗ್ರಿ ಏರುವುದರಿಂದ ಈ ವ್ಯತ್ಯಾಸ ಬೇಸಿಗೆಗೂ ಚಳಿಗಾಲಕ್ಕೂ ಅಷ್ಟಾಗಿ ಬದಲಾಗುವುದಿಲ್ಲ. ಕೋಣೆ 28, ಪ್ರೊಸೆಸರ್ 78 ಆದರೆ ನಿಮ್ಮ ಅಂಕಿ 50. ಪವರ್ ಲಿಮಿಟ್ ಎಷ್ಟಿಟ್ಟಿರಿ ಎಂಬುದನ್ನೂ ದಿನಾಂಕವನ್ನೂ ಸೇರಿಸಿ ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಮುಚ್ಚಳದ ಒಳಮೈಗೆ ಅಂಟಿಸಿ. ಎರಡು ಮೂರು ತಿಂಗಳಿಗೊಮ್ಮೆ ಅದೇ ಪರೀಕ್ಷೆ ಮಾಡಿ. ಅಂಕಿ 58 ಅಥವಾ 60ಕ್ಕೆ ಬಂದಾಗ ಧೂಳು ತೆಗೆಯಿರಿ. ಧೂಳು ತೆಗೆದ ಮೇಲೂ ಅದು 50ಕ್ಕೆ ಮರಳದಿದ್ದರೆ ಆಗ ಮಾತ್ರ ಹೀಟ್‌ಸಿಂಕ್ ಬಿಚ್ಚಿ ಹೊಸ ಪೇಸ್ಟ್ ಹಚ್ಚಿ, ನಾಲ್ಕೂ ಮೊಳೆಗಳನ್ನು ಹಿಂಬದಿಯಿಂದ ನೋಡಿ ಖಚಿತಪಡಿಸಿಕೊಳ್ಳಿ.